ಊರಲ್ಲಿಯೇ ಕೆಲಸ: ಆದವಾನಿಯ ಹಸಿರು ಉದ್ಯೋಗ ಪ್ರದರ್ಶನದ ಉದ್ಘಾಟನಾ ಭಾಷಣ



1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಅಗಲಿ ಆಂಧ್ರ ರಾಜ್ಯವನ್ನು ಸೇರಿದ ಆದವಾನಿ, ಆಲೂರು ತಾಲ್ಲೂಕುಗಳಲ್ಲಿ ಮನೆಯೊಳಗಣ ಕನ್ನಡವೂ ಹೊಲದೊಳಗಣ ಹತ್ತಿಯೂ ಉಳಿದು ಬಂದಂತೆಯೇ ಬರವೂ ಉಳಿದು ಬಂದಿದೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಗಳ ಸುತ್ತಣ ಹಳ್ಳಿಗಳಲ್ಲಿ ಬಾಗಿಲಿಗೆ ಬೀಗ ಜಡಿದು, ಮುದುಕರನ್ನು ಕಟ್ಟೆಯ ಮೇಲೆ ಬಿಟ್ಟು, ಶಾಲೆಗೆ ಹೋಗಬೇಕಾದ ಮಕ್ಕಳನ್ನು ಜೋಳದ ಚೀಲದ ಪಕ್ಕದಲ್ಲಿ ಕೂರಿಸಿಕೊಂಡು, ಸುಗ್ಗಿಗೆಂದು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಹೊರಡುವ ಸಂಸಾರಗಳನ್ನು ಕಂಡವರು, ಹಸಿರು ಉದ್ಯೋಗವೆಂಬುದನ್ನು ಆ ಬೀಗದ ಮುಂದೆ ನಿಂತೇ ಅಳೆಯಬೇಕು.

ನಮ್ಮ ಅವಿಭಜಿತ ಕರ್ನೂಲು ಜಿಲ್ಲೆಯ ಗನಿ-ಶಕುನಾಲಗಳ ಬಯಲಿನಲ್ಲಿ 2017ರಲ್ಲಿ ಸಿದ್ಧವಾದ 1000 ಮೆಗಾವಾಟ್ ಸೌರ ವಿದ್ಯುದಾಗಾರ ಮಹತ್ಕಾರ್ಯವೇ ಸರಿ. ಆದರೆ ಕಂಬ ನೆಟ್ಟು ಫಲಕ ಕೂರಿಸುವ ತನಕ ಬೇಕಾದಷ್ಟು ಕೈಗಳು, ಆಮೇಲೆ ಧೂಳು ತೊಳೆಯುವುದಕ್ಕೂ ಹುಲ್ಲು ಕೊಯ್ಯುವುದಕ್ಕೂ ಕಾವಲಿಗೂ ಬೇಕಾಗುವುದಿಲ್ಲ. ಅದರ ರಿಪೇರಿಯ ವಿದ್ಯೆಯನ್ನು ನಮ್ಮ ಹುಡುಗ ಹುಡುಗಿಯರಿಗೆ ಇಲ್ಲಿಯೇ ಕಲಿಸದಿದ್ದರೆ, ಬಿಸಿಲು ನಮ್ಮದು, ಸಂಬಳ ಪರರದು ಎಂಬಂತಾದೀತು.

ಇನ್ನು ನಮ್ಮ ಹತ್ತಿಯ ಮಾತು. ಜಿನ್ನಿಂಗ್ ಮಿಲ್ಲುಗಳಲ್ಲಿ ಸೆರಗಿನ ತುದಿಯನ್ನೇ ಮೂಗಿಗೆ ಕಟ್ಟಿಕೊಂಡು, ಹುಬ್ಬಿನ ಮೇಲೆಲ್ಲ ಬಿಳಿಯ ನಾರು ಕೂತು ಅಕಾಲ ವಾರ್ಧಕ್ಯ ಬಂದವಳಂತೆ ತೋರುವ ತಾಯಿಯ ಎದೆಯೊಳಗೆ ಅದೇ ನಾರು ಇಳಿಯುತ್ತಿರುವಾಗ, ಮಿಲ್ಲಿನ ಮಾಡಿಗೆ ಸೌರಫಲಕ ಹೊದಿಸಿದ ಮಾತ್ರಕ್ಕೆ ಅದು ಹಸಿರು ಉದ್ಯೋಗವೆನಿಸದು. ಧೂಳು ಹೀರುವ ಯಂತ್ರ ಮೊದಲು ಬರಲಿ. ಹೊಲದಲ್ಲಿ ಸುಟ್ಟುಬಿಡುವ ಹತ್ತಿಕಟ್ಟಿಗೆಯನ್ನು ಪುಡಿಮಾಡಿ ಉರುವಲು ಗಟ್ಟಿಗಳಾಗಿ ಒತ್ತುವುದು, 2016ರಿಂದ ಈ ರಾಜ್ಯದಲ್ಲಿ ಮಹಿಳಾ ಸಂಘಗಳ ಮೂಲಕ ಹಬ್ಬುತ್ತಿರುವ ನೈಸರ್ಗಿಕ ಕೃಷಿಗೆ ಸೆಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಕಲಸಿ ಜೀವಾಮೃತ ಸಿದ್ಧಪಡಿಸುವುದು, ಒಡ್ಡು ಹಾಕಿ ಕೆರೆಯ ಹೂಳೆತ್ತುವುದು, ಇವೆಲ್ಲ ಊರು ಬಿಡಿಸದ ಕೆಲಸಗಳು. ಪಕ್ಕದ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘವನ್ನು ಕಟ್ಟಿದಾಗ ‘ಹಸಿರು ಉದ್ಯೋಗ’ವೆಂಬ ಹೆಸರು ಬಳಕೆಯಲ್ಲಿರಲಿಲ್ಲ; ಆದರೂ ವಿದ್ಯುತ್ತನ್ನು ಬೇಡದ ಮಗ್ಗವೂ, ನೂಲಿಗೂ ಮಾರಾಟಕ್ಕೂ ಆಸರೆಯಾದ ಸಂಘವೂ ನೇಕಾರನನ್ನು ಮನೆಯಲ್ಲಿಯೇ ಉಳಿಸಿದುವು. ಮಗ್ಗದಷ್ಟೇ ಸಂಘವೂ ಮುಖ್ಯವೆಂಬುದು ನನ್ನ ದೃಢವಾದ ನಂಬಿಕೆ.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ತರುಣರೇ, ಪ್ರತಿಯೊಂದು ಮಳಿಗೆಯ ಮುಂದೆಯೂ ನಿಂತು ಕೇಳಿರಿ: ಈ ಕೆಲಸ ವರ್ಷಕ್ಕೆ ಎಷ್ಟು ತಿಂಗಳು, ಕೂಲಿ ಎಷ್ಟು, ಯಾವ ಊರಲ್ಲಿ? ಉತ್ತರ ಸಿಗುವವರೆಗೆ ಕದಲಬೇಡಿರಿ.