ಕರಿಕೋಟು ತೊಡುವ ಮುಂಚೆ

(ಕೇಣಿಯಲ್ಲಿ ವಿದ್ಯಾರ್ಥಿ ಗೆಳೆಯರ ಮುಂದೆ ಆಡಿದ ಮಾತುಗಳ ಬರಹರೂಪ)



ನಾನು ವಕೀಲನಲ್ಲ. ಬಿ.ಎ. ಓದಿಕೊಂಡು ಪದ್ಯ ಬರೆಯುವವನು. ಹಾಗಿದ್ದೂ ಈ ವಿಷಯ ಹಿಡಿದು ನಿಂತಿದ್ದೇನೆ. ಯಾಕೆಂದರೆ ವಕೀಲರ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಊಟಕ್ಕೆ ಕೂತಾಗ ಅಪ್ಪನ ಬಾಯಿಂದಲೇ ಸಿಗುವ ಮಾಹಿತಿ ನಮ್ಮ ಹಾಸ್ಟೆಲ್ ಹುಡುಗರಿಗೆ ಎಲ್ಲಿಯೂ ಸಿಗುವುದಿಲ್ಲ. ಯಾವ ಅರ್ಜಿ, ಎಷ್ಟು ಫೀ, ಯಾರ ಬಾಗಿಲು ತಟ್ಟಬೇಕು ಎಂಬುದು ತಿಳಿಯದೆ ನಮ್ಮವರು ಪದವಿ ಮುಗಿಸಿಯೂ ಹೊರಗೇ ನಿಲ್ಲುತ್ತಾರೆ.

ನಮಗೆ ವಕೀಲರು ಯಾಕೆ ಬೇಕು? ಈ ಕರಾವಳಿಯನ್ನೇ ನೋಡಿ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಊರುಗಳು ಎದ್ದುಹೋದವು. ಕೊಟ್ಟ ಪರಿಹಾರ ಸಾಲದು ಅಂತ 1894ರ ಭೂಸ್ವಾಧೀನ ಕಾಯ್ದೆಯಡಿ ಕೋರ್ಟಿಗೆ ಹೋದವರು ದಶಕಗಟ್ಟಲೆ ಅಲೆದರು. ಇದೇ ಕೇಣಿಯಲ್ಲಿ ಬಂದರು ಕಟ್ಟುವ ಕೆಲಸ 2023ರಲ್ಲಿ ಖಾಸಗಿ ಕಂಪನಿಯ ಪಾಲಾಯಿತು. 2025ರಲ್ಲಿ ಮೀನುಗಾರರು ಬೀದಿಗಿಳಿದರು. ಘೋಷಣೆ ಕೂಗುವ ಗಂಟಲು ಬೇಕು, ನಿಜ. ಆದರೆ ಪರಿಸರ ವರದಿ ಓದಿ, ಆಕ್ಷೇಪಣೆ ಬರೆದು, ಸ್ವೀಕೃತಿ ಪಡೆದು, ಕಡತ ಕಟ್ಟಿಡುವ ಕೈಯೂ ಬೇಕಲ್ಲ?

ನಮ್ಮ ಆಗೇರ, ಮುಕ್ರಿ, ಹಳ್ಳೇರ ಕೇರಿಗಳಿಗೆ ಬನ್ನಿ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಪಾಲಾಗದಿರಲಿ ಅಂತ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ತಡವಾಯಿತು ಅಂತ ಅರ್ಜಿಗಳು ಬಿದ್ದುಹೋಗುತ್ತಿದ್ದವು. 2023ರ ತಿದ್ದುಪಡಿ ಕಾಲಮಿತಿ ಇಲ್ಲ ಎಂದಿತು. 1989ರ ದೌರ್ಜನ್ಯ ತಡೆ ಕಾಯ್ದೆಗೆ ಆಮೇಲೆ ಸೇರಿಸಿದ 15ಎ ಕಲಮು, ಆರೋಪಿಯ ಜಾಮೀನಿನ ವಿಚಾರಣೆಯಲ್ಲಿ ನೊಂದವರ ಮಾತೂ ಕೇಳಬೇಕು ಅನ್ನುತ್ತದೆ. ಕಾಯ್ದೆ ಇದೆ. ಅದನ್ನು ಕೋರ್ಟಿನಲ್ಲಿ ಎತ್ತಿ ಹಿಡಿಯುವವನು ಇಲ್ಲದಿದ್ದರೆ ಅದು ಬರೀ ಕಾಗದ.

ದಾರಿ ಸುಲಭ ಅಂತ ನಾನು ಹೇಳುವುದಿಲ್ಲ. ಬಾಬಾಸಾಹೇಬರು ಲಂಡನ್ನಿನ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆಗಿ ಬಂದವರು. 1923ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಶುರು ಮಾಡುವಾಗ ಸನ್ನದಿನ ಹಣಕ್ಕೆ ಗೆಳೆಯ ನವಲ್ ಭಟೇನಾ ಆಸರೆಯಾಗಬೇಕಾಯಿತು. ಅಸ್ಪೃಶ್ಯ ವಕೀಲನಿಗೆ ಸಾಲಿಸಿಟರುಗಳು ಕೇಸು ಕೊಡಲಿಲ್ಲ. ಬಾಟ್ಲಿಬಾಯ್ ಸಂಸ್ಥೆಯಲ್ಲಿ ಅರೆಕಾಲಿಕ ಪಾಠ ಹೇಳಿ ಸಂಸಾರ ತೂಗಿಸಿದರು. ಆಗ ನಮ್ಮ ಈ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲೇ ಇತ್ತು. ಅಂಥವರಿಗೇ ಮೊದಲ ವರ್ಷಗಳು ಹಾಗಿದ್ದವು ಎಂಬುದನ್ನು ನೆನಪಿಡಿ. ನಿಮ್ಮ ಮೊದಲ ವರ್ಷ ಬರಿಗೈಯಲ್ಲಿ ಕಳೆದರೆ ಅದು ನಿಮ್ಮ ದಡ್ಡತನ ಅಂತ ತಿಳೀಬೇಡಿ.

ಈಗ ಒಂದೊಂದೇ ಮೆಟ್ಟಿಲು ನೋಡೋಣ.

ಮೊದಲನೆಯದು ಸನ್ನದು. ಪಿಯುಸಿ ಆದಮೇಲೆ ಐದು ವರ್ಷ, ಇಲ್ಲವೇ ಪದವಿ ಆದಮೇಲೆ ಮೂರು ವರ್ಷ ಓದಿ ರಾಜ್ಯ ವಕೀಲರ ಪರಿಷತ್ತಿಗೆ ಅರ್ಜಿ ಹಾಕಬೇಕು. 1961ರ ವಕೀಲರ ಕಾಯ್ದೆಯ 24ನೇ ಕಲಮಿನ ಪ್ರಕಾರ ನೋಂದಣಿ ಫೀ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ. ಅನೇಕ ರಾಜ್ಯಗಳ ಪರಿಷತ್ತುಗಳು ಬೇರೆ ಬೇರೆ ಹೆಸರಿನಲ್ಲಿ ಸಾವಿರಾರು ರೂಪಾಯಿ ಕೀಳುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿರುವುದಕ್ಕಿಂತ ಹೆಚ್ಚು ನೋಂದಣಿ ಫೀ ಕೇಳಬಾರದು ಎಂದು ಹೇಳಿತು. ಸ್ಟಾಂಪ್ ಶುಲ್ಕ ಬೇರೆ. ಈ 125 ಅಂಕಿಯನ್ನು ಬಾಯಿಪಾಠ ಮಾಡಿ. ಹೆಚ್ಚು ಕೇಳಿದರೆ ರಸೀದಿ ಕೇಳಿ. ಜಾತಿ ಪ್ರಮಾಣಪತ್ರ, ಅಂಕಪಟ್ಟಿಗಳನ್ನು ಕೊನೇ ವರ್ಷದಲ್ಲೇ ಒಟ್ಟು ಮಾಡಿಡಿ. ತಹಸೀಲ್ದಾರ ಕಚೇರಿ ನಿಮ್ಮ ಅವಸರಕ್ಕೆ ಓಡುವುದಿಲ್ಲ.

ಸನ್ನದು ಸಿಕ್ಕ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಪರಿಶಿಷ್ಟರಿಗೆ ನೂರಕ್ಕೆ 40 ಅಂಕ ಸಾಕು. ಕನ್ನಡದಲ್ಲೂ ಬರೆಯಬಹುದು. ಟಿಪ್ಪಣಿ ಇಲ್ಲದ ಮೂಲ ಕಾಯ್ದೆ ಪುಸ್ತಕ ಒಳಗೆ ಒಯ್ಯಲು ಬಿಡುತ್ತಾರೆ. ಯಾವ ವಿಷಯ ಎಲ್ಲಿದೆ ಅಂತ ಕೈಗೆ ರೂಢಿಯಾಗಿದ್ದರೆ ಮಾತ್ರ ಪುಸ್ತಕ ಉಪಯೋಗ. ಹಳೇ ಪುಸ್ತಕ ನೆಚ್ಚಬೇಡಿ: 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

ಎರಡನೆಯದು ಸೀನಿಯರ್. ಇಲ್ಲಿ ಜಾಹೀರಾತಿಲ್ಲ, ಇಂಟರ್‌ವ್ಯೂ ಪತ್ರವಿಲ್ಲ. ಸಂಜೆ ಕೋರ್ಟು ಮುಗಿದಮೇಲೆ ಆಫೀಸಿಗೆ ಹೋಗಿ ಕೇಳುವುದೇ ಅರ್ಜಿ. ಅದಕ್ಕೂ ಮುಂಚೆ ನಾಲ್ಕು ದಿನ ಕೋರ್ಟು ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಯಾರಿಗೂ ಅಲ್ಲಿ ಕೂರುವ ಹಕ್ಕಿದೆ. ಯಾರು ಕಡತ ಓದಿಕೊಂಡು ಬರುತ್ತಾರೆ, ಯಾರು ಬರೀ ಮುದ್ದತು ಕೇಳುತ್ತಾರೆ, ಬಡ ಕಕ್ಷಿದಾರನನ್ನು ಯಾರು ನಿಲ್ಲಿಸಿಯೇ ಮಾತಾಡಿಸುತ್ತಾರೆ, ಎಲ್ಲ ಕಾಣುತ್ತದೆ. ದೊಡ್ಡ ಹೆಸರಿಗಿಂತ ಕೆಲಸ ಕಲಿಸುವ ಸೀನಿಯರ್ ಮೇಲು.

ಬೆಂಗಳೂರಿನ ಲಾ ಫರ್ಮಿಗೆ ಬರೆಯುವವರು ಒಂದೇ ಪುಟ ಬರೆಯಿರಿ. 'ತಮ್ಮ ಪಾದಾರವಿಂದಗಳಿಗೆ' ಬೇಡ. ಮಾಡಿದ್ದನ್ನು ಬರೆಯಿರಿ: ಯಾವ ಕಾನೂನು ನೆರವು ಶಿಬಿರದಲ್ಲಿ ದುಡಿದಿರಿ, ಎಷ್ಟು ದಿನ ಯಾವ ಕೋರ್ಟಿನಲ್ಲಿ ಕೂತಿರಿ, ಯಾವ ಭಾಷೆ ಬಲ್ಲಿರಿ. ಕನ್ನಡ, ಕೊಂಕಣಿ ಬಲ್ಲವನು ಸಾಕ್ಷಿಯ ಮಾತಿನ ಒಳಗು ತಿಳಿಯಬಲ್ಲ. ಇದು ನಿಮ್ಮ ಬಂಡವಾಳ, ಮುಚ್ಚಿಡಬೇಡಿ.

ಮೂರನೆಯದು, ಎದುರು ಕೂತಾಗ. 'ಪೂರ್ತಿ ಹೆಸರೇನು, ಅಪ್ಪ ಏನು ಮಾಡ್ತಾರೆ, ಯಾವ ಕೇರಿ' ಅಂತ ಕೇಳುತ್ತಾರೆ. ಯಾಕೆ ಕೇಳುತ್ತಾರೆ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ತಲೆ ತಗ್ಗಿಸಬೇಡಿ, ಜಗಳಕ್ಕೂ ನಿಲ್ಲಬೇಡಿ. ಇದ್ದದ್ದು ಹೇಳಿ, ಮಾತನ್ನು ಕೆಲಸದ ಕಡೆ ತಿರುಗಿಸಿ. ಗೊತ್ತಿಲ್ಲದ ಪ್ರಶ್ನೆಗೆ 'ಗೊತ್ತಿಲ್ಲ ಸಾರ್, ನೋಡಿಕೊಂಡು ಬರ್ತೀನಿ' ಅನ್ನಿ, ನೋಡಿಕೊಂಡೇ ಹೋಗಿ. ನೀವೂ ಕೇಳಿ: ಕಡತ ಓದಲು ಬಿಡುತ್ತೀರಾ? ಕೋರ್ಟಿನಲ್ಲಿ ನಿಲ್ಲಲು ಬಿಡುತ್ತೀರಾ? ತಿಂಗಳಿಗೆ ಎಷ್ಟು ಕೊಡುತ್ತೀರಿ? ಹಣ ಕೇಳುವುದು ನಾಚಿಕೆಯಲ್ಲ. ಭಾರತೀಯ ವಕೀಲರ ಪರಿಷತ್ತೇ 2024ರ ಅಕ್ಟೋಬರಿನಲ್ಲಿ ಜೂನಿಯರುಗಳಿಗೆ ನಗರದಲ್ಲಿ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿ ಎಂದು ಸುತ್ತೋಲೆ ಕಳಿಸಿತು. ಅದು ಸಲಹೆ, ಕಡ್ಡಾಯವಲ್ಲ. ಆದರೂ ಮಾತು ತೆಗೆಯಲು ಒಂದು ಹಿಡಿ ಸಿಕ್ಕಿತು. ಆ ಆಫೀಸಿನಲ್ಲಿ ನಿಮ್ಮನ್ನು ಎಲ್ಲಿ ಕೂರಿಸುತ್ತಾರೆ, ನೀರಿನ ಲೋಟ ಯಾವುದು ಕೊಡುತ್ತಾರೆ, ಅದನ್ನೂ ನೋಡಿಕೊಳ್ಳಿ. ಗೆಳತಿಯರೇ, ಅಲ್ಲಿ ಬೇರೆ ಹೆಂಗಸರು ಕೆಲಸ ಮಾಡಿದ್ದಾರೆಯೇ, ಯಾಕೆ ಬಿಟ್ಟರು ಅಂತ ವಿಚಾರಿಸಿಯೇ ಸೇರಿ.

ನಾಲ್ಕನೆಯದು ಹೊಟ್ಟೆಪಾಡು. ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ತರಬೇತಿ ಭತ್ಯೆಯ ಯೋಜನೆ ಇದೆ. ಅನುಭವಿ ವಕೀಲರ ಕೈಕೆಳಗೆ ಕಲಿಯುವ ಕಾಲದಲ್ಲಿ ತಿಂಗಳು ತಿಂಗಳು ಹಣ ಬರುತ್ತದೆ. ಮೊತ್ತ, ವಯಸ್ಸಿನ ಷರತ್ತು ಬದಲಾಗುತ್ತಿರುತ್ತವೆ. ತಾಲೂಕು ಕಚೇರಿಗೆ ಹೋಗಿ ಕೇಳಿ. ಇಲ್ಲ ಅಂದರೆ ಇಲ್ಲ ಅಂತ ಬರೆದುಕೊಡಿ ಅನ್ನಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಓದುವಾಗಲೇ ಸ್ವಯಂಸೇವಕರಾಗಬಹುದು. ಅಲ್ಲಿ ಆರೋಪಿಗಳ ಪರ ವಾದಿಸುವ ಕಾನೂನು ನೆರವು ವಿಭಾಗದಲ್ಲಿ ಮೂರು ವರ್ಷದೊಳಗಿನ ಅನುಭವದವರಿಗೂ ಸಹಾಯಕ ಹುದ್ದೆಯುಂಟು. ಸಿವಿಲ್ ಜಡ್ಜ್ ಆಗುವ ಆಸೆಯವರಿಗೆ ಒಂದು ಮಾತು: ಆ ಪರೀಕ್ಷೆಗೆ ಮೂರು ವರ್ಷದ ವಕೀಲಿ ಬೇಕು ಎಂದು 2025ರ ಮೇ 20ರಂದು ಸುಪ್ರೀಂ ಕೋರ್ಟು ಹೇಳಿತು. ಅರ್ಜಿ ಕರೆದಾಗ ಅಧಿಸೂಚನೆ ಪೂರ್ತಿ ಓದಿ. ಉಳ್ಳವನ ಮಗ ಮೂರು ವರ್ಷ ಅಪ್ಪನ ಅನ್ನ ತಿಂದು ಕಾಯುತ್ತಾನೆ. ನಮ್ಮವನು ಹೇಗೆ ಕಾಯಬೇಕು? ಅದಕ್ಕೇ ಭತ್ಯೆ, ನೆರವಿನ ಹುದ್ದೆ ಯಾವುದನ್ನೂ ಬಿಡಬೇಡಿ.

ಮೊದಲ ವರ್ಷ ಸೀನಿಯರ್ ನಿಮ್ಮನ್ನು ನಕಲು ಅರ್ಜಿ ಹಾಕಲು, ಮುದ್ದತು ಕೇಳಲು ಓಡಿಸುತ್ತಾರೆ. ಓಡಿ. ಶಿರಸ್ತೇದಾರನ ಮೇಜಿನ ದಾರಿ, ಕಡತದ ಹುಟ್ಟುಸಾವು ಅಲ್ಲೇ ತಿಳಿಯುವುದು. ಆದರೆ ಎರಡನೇ ವರ್ಷವೂ ಅಷ್ಟೇ ಆದರೆ ಬೇರೆ ಆಫೀಸು ನೋಡಿಕೊಳ್ಳಿ. ಇಂಗ್ಲಿಷಿಗೆ ಹೆದರಬೇಡಿ. ತಾಲೂಕು ಕೋರ್ಟಿನಲ್ಲಿ ಕನ್ನಡ ನಡೆಯುತ್ತದೆ, ಧಾರವಾಡದ ಹೈಕೋರ್ಟು ಪೀಠದಲ್ಲಿ ಇಂಗ್ಲಿಷ್ ಬೇಕು. ದಿನಕ್ಕೊಂದು ತೀರ್ಪು ಗಟ್ಟಿಯಾಗಿ ಓದಿ.

ಕೊನೆಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಪ್ರತಿ ಹಾಸ್ಟೆಲಿನಲ್ಲೂ ಒಂದು ಪೆಟ್ಟಿಗೆ ಇಡಿ. ಅದರಲ್ಲಿ ಮೂಲ ಕಾಯ್ದೆಯ ಪುಸ್ತಕಗಳು, ಹಳೇ ಪ್ರಶ್ನೆಪತ್ರಿಕೆ, ಅರ್ಜಿಯ ಮಾದರಿ ಇರಲಿ. ಪಾಸಾಗಿ ಹೋಗುವವರು ತಮ್ಮ ಪುಸ್ತಕ ಅದರಲ್ಲಿ ಬಿಟ್ಟುಹೋಗಲಿ. ಸನ್ನದಿನ 125 ರೂಪಾಯಿ ಇಲ್ಲದವನಿಗೆ ಹತ್ತು ಜನ ಸೇರಿ ಕೊಡಿ. ಬಾಬಾಸಾಹೇಬರಿಗೆ ಒಬ್ಬ ಗೆಳೆಯನಿದ್ದ. ನಿಮ್ಮ ಪಕ್ಕದ ಹಾಸಿಗೆಯವನಿಗೆ ನೀವು ಇದ್ದೀರಿ.