ಖಾರ: ನಾಲಿಗೆಯ ಸುಳ್ಳು ಗಂಟೆ

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬಿಸಿಬೇಳೆಭಾತ್ ಉಂಡು ಕುಳಿತ ಸಭೆಗೆ ಭಾಷಣ ಮಾಡುವುದು ಸುಲಭವಲ್ಲ. "ಆರೋಗ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿ ಡಾಕ್ಟರೇ, ಆದರೆ ಯಾರನ್ನೂ ಹೆದರಿಸಬೇಡಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಿದ್ದಾರೆ. ಹಾಗಾಗಿ ಯಾರಿಗೂ ನಿದ್ದೆ ಬಾರದ ವಿಷಯವನ್ನೇ ಆರಿಸಿಕೊಂಡಿದ್ದೇನೆ: ಖಾರ.

ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆಂದು ಡೆಟ್ರಾಯಿಟ್‌ಗೆ ಬಂದ ಮೊದಲ ಚಳಿಗಾಲ. ಕಿಟಕಿ ತೆರೆಯುವಂತಿಲ್ಲ. ಎರಡು ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೆ ಬಿದ್ದದ್ದೇ ತಡ, ಹೊಗೆಯ ಅಲಾರಂ ಕಿರುಚಿಕೊಂಡಿತು. ಹೆಂಡತಿ ಟವೆಲ್ ಬೀಸಿದಳು. ನಾನು ಕುರ್ಚಿ ಹತ್ತಿ ಬ್ಯಾಟರಿ ಕಿತ್ತೆ. ನಿಮ್ಮಲ್ಲಿ ನಗುತ್ತಿರುವವರೆಲ್ಲ ಇದನ್ನು ಮಾಡಿದವರೇ! ಬೆಂಕಿ ಇರಲಿಲ್ಲ, ಇದ್ದದ್ದು ಬರೀ ಸಾರು. ಈ ಅಲಾರಂ ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುತ್ತೇನೆ.

ನಮ್ಮ ಹಿರಿಯರು ಷಡ್ರಸಗಳಲ್ಲಿ ಕಟುವನ್ನೂ ಎಣಿಸಿದರು. ಶರೀರಶಾಸ್ತ್ರದ ಲೆಕ್ಕದಲ್ಲಿ ಖಾರ ರುಚಿಯಲ್ಲ, ಅದೊಂದು ನೋವು. ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಎಂಬ ವಸ್ತುವಿದೆ. ಅದು ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ನಮ್ಮ ನೋವಿನ ನರಗಳ ತುದಿಯಲ್ಲಿ ಒಂದು ಪುಟ್ಟ ಬಾಗಿಲಿದೆ. ಶಾಖ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆದು, "ಸುಡುತ್ತಿದೆ" ಎಂದು ಮೆದುಳಿಗೆ ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಈ ಬಾಗಿಲಿನ ಕಳ್ಳ ಕೀಲಿಕೈ. ಬಿಸಿಯೇ ಇಲ್ಲದೆ ಬಾಗಿಲು ತೆರೆಸುತ್ತದೆ. ಮೆದುಳು ಪಾಪ, ಬೆಂಕಿ ಬಿತ್ತೆಂದು ನಂಬಿ ಬೆವರು ಹರಿಸುತ್ತದೆ, ಮೂಗು ಸುರಿಸುತ್ತದೆ. ಟಿಆರ್‌ಪಿವಿ 1 ಎಂಬ ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪ್ರಶಸ್ತಿಯನ್ನು ಇನ್ನೊಬ್ಬರೊಡನೆ ಹಂಚಿಕೊಂಡರು.

ಕರಿಮೆಣಸಿನ ಪೈಪರಿನ್ ತಟ್ಟುವುದೂ ಇದೇ ಬಾಗಿಲನ್ನು. ಹಸಿ ಸಾಸಿವೆ ಅರೆದಾಗ ನೆತ್ತಿಗೇರುವ ಘಾಟಿಗೆ ಬೇರೆಯದೇ ಬಾಗಿಲು. ಜಪಾನಿನ ವಾಸಾಬಿಯದೂ ಅದೇ. ಸಾಸಿವೆಯನ್ನು ಇಡಿಯಾಗಿ ಎಣ್ಣೆಯಲ್ಲಿ ಸಿಡಿಸಿದರೆ ಆ ಘಾಟು ಹುಟ್ಟುವುದೇ ಇಲ್ಲ. ನೀರು ಬೆರೆಸಿ ಅರೆಯಬೇಕು, ಆಗಲೇ ಅದರ ಕೋಪ ಹೊರಬರುವುದು. ಇನ್ನು ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಖಾರ ಹತ್ತಿದಾಗ ನೀರು ಕುಡಿದರೆ ಉರಿ ಹೋಗದು. ಹಾಲು, ಮೊಸರು ಆ ಉರಿಯನ್ನು ತಗ್ಗಿಸುತ್ತವೆ. ಊಟದ ಕೊನೆಗೆ ಮೊಸರನ್ನವಿಟ್ಟ ನಮ್ಮ ಅಜ್ಜಿಯರು ಯಾವ ನೊಬೆಲನ್ನೂ ಕಾಯಲಿಲ್ಲ.

ಇನ್ನೊಂದು ತಮಾಷೆ. ಮೆಣಸಿನಕಾಯಿ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂತು. ಅದಕ್ಕೆ ಮೊದಲು ನಮಗೆ ಮೆಣಸೆಂದರೆ ಕರಿಮೆಣಸೇ. ಇಂದಿಗೂ ಎಷ್ಟೋ ಮನೆಗಳ ತಿಥಿಯ ಅಡಿಗೆಯಲ್ಲಿ ಮೆಣಸಿನಕಾಯಿಗೆ ಪ್ರವೇಶವಿಲ್ಲ. ಅಂದರೆ ಅದು ಅಮೆರಿಕದಿಂದ ಬ್ಯಾಡಗಿಗೆ ವಲಸೆ ಹೋಯಿತು. ನಾವು ಅದನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಮತ್ತೆ ಅಮೆರಿಕಕ್ಕೆ ತಂದೆವು! ಖಾರ ಅಳೆಯುವ ವಿಧಾನ ಹುಟ್ಟಿದ್ದೂ ನಮ್ಮ ಈ ಡೆಟ್ರಾಯಿಟ್‌ನಲ್ಲೇ. 1912ರಲ್ಲಿ ಪಾರ್ಕ್-ಡೇವಿಸ್ ಔಷಧ ಕಂಪನಿಯ ವಿಲ್ಬರ್ ಸ್ಕೋವಿಲ್, ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತ ಹೋಗಿ, ಎಷ್ಟು ಪಟ್ಟಿಗೆ ಖಾರ ಮಾಯವಾಗುತ್ತದೆಂದು ಜನರ ನಾಲಿಗೆಯಿಂದಲೇ ಲೆಕ್ಕ ಹಾಕಿದ. ದೊಣ್ಣೆಮೆಣಸಿನಕಾಯಿಗೆ ಸೊನ್ನೆ, ಹಲಪೆನ್ಯೊಗೆ 2,500ರಿಂದ 8,000, 2023ರಲ್ಲಿ ಗಿನ್ನೆಸ್ ದಾಖಲೆ ಮಾಡಿದ ಪೆಪ್ಪರ್ ಎಕ್ಸ್‌ಗೆ 26,93,000. ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವುದೇ ನಮ್ಮ ಬ್ಯಾಡಗಿಯ ಹೆಗ್ಗಳಿಕೆ. ಖಾರದಲ್ಲಿ ಪಂದ್ಯಕ್ಕಿಳಿಯುವ ಹುಡುಗರು ಇದನ್ನು ಗಮನಿಸಬೇಕು.

ಈಗ ತಂದೆ-ತಾಯಿಯರಿಗೆ ಒಂದು ಮಾತು. ನನ್ನ ಮಗಳು ಆರು ವರ್ಷದವಳಿದ್ದಾಗ ಸಾರು ಬಾಯಿಗಿಟ್ಟು "ಉರೀತಿದೆ ಅಪ್ಪ" ಎಂದು ಅತ್ತಳು. "ಇಷ್ಟೂ ಖಾರ ತಡೆಯದ ನೀನೆಂಥ ಕನ್ನಡತಿ!" ಎಂದು ನೆಂಟರೆದುರು ನಗೆಯಾಡಿದೆ. ಅವಳು ಹೇಳಿದ್ದು ನಿಜ, ತಪ್ಪು ನನ್ನದು. ಖಾರವನ್ನು ಪ್ರೀತಿಸುತ್ತ ಯಾರೂ ಹುಟ್ಟುವುದಿಲ್ಲ. ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞರು ಮೆಕ್ಸಿಕೊದ ಹಳ್ಳಿಯೊಂದರಲ್ಲಿ ಕಂಡದ್ದು ಇದೇ: ಅಲ್ಲಿ ಮಕ್ಕಳಿಗೆ ಯಾರೂ ಬಲವಂತ ಮಾಡುವುದಿಲ್ಲ. ಹಿರಿಯರು, ಅಕ್ಕ-ಅಣ್ಣಂದಿರು ಸಂತೋಷದಿಂದ ತಿನ್ನುವುದನ್ನು ನೋಡುತ್ತ, ಚೂರುಚೂರೇ ರುಚಿ ನೋಡುತ್ತ, ಮಕ್ಕಳು ತಾವಾಗಿ ಕಲಿಯುತ್ತವೆ. ಈ ಗಂಟೆ ಸುಳ್ಳು ಎಂಬ ಧೈರ್ಯ ಅವಕ್ಕೆ ಬರುವುದು ಹಿರಿಯರ ಜೊತೆ ಕೂತು ಉಂಡಾಗ. ಭಾಷೆಯ ಮಾತೂ ಬಹುಶಃ ಹೀಗೇ.

ಇನ್ನು ಹೆದರಿಸುವುದಿಲ್ಲವೆಂಬ ಮಾತನ್ನು ಸ್ವಲ್ಪ ಮುರಿಯುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತಂದೆ ಆರು ತಿಂಗಳಿಗೆಂದು ಇಲ್ಲಿಗೆ ಬಂದರು. ಹೊಟ್ಟೆ ಉರಿ ಎಂದರು. ಡಾಕ್ಟರ್ ಮಗ ತಲೆಯೆತ್ತದೆ "ಖಾರ ಬಿಡಿ" ಎಂದ. ಎರಡು ತಿಂಗಳು ಅವರು ಸಪ್ಪೆ ಸಾರು ತುಟಿ ಪಿಟಕ್ಕೆನ್ನದೆ ಉಂಡರು. ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ತಲೆ ಸುತ್ತಿ ಬಿದ್ದರು. ಮಲ ಡಾಂಬರಿನಂತೆ ಕಪ್ಪಾಗಿತ್ತು. ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಕಾರಣ ಮೆಣಸಿನಕಾಯಿಯಲ್ಲ; ಮಂಡಿನೋವಿಗೆಂದು ಊರಿನಿಂದ ತಂದು ದಿನಕ್ಕೆರಡು ಬಾರಿ ನುಂಗುತ್ತಿದ್ದ ಮಾತ್ರೆ. "ಏನೇನು ಮಾತ್ರೆ ತಗೊಳ್ತೀರಿ?" ಎಂದು ಪ್ರತಿ ರೋಗಿಯನ್ನೂ ಕೇಳುವ ನಾನು ಅಪ್ಪನನ್ನು ಕೇಳಿರಲಿಲ್ಲ.

ಹುಣ್ಣಿಗೆ ಮುಖ್ಯ ಕಾರಣಗಳು ಎರಡು: ಇಂಥ ನೋವಿನ ಮಾತ್ರೆಗಳು ಮತ್ತು ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡು ತೋರಿಸಿದರು. 2005ರಲ್ಲಿ ರಾಬಿನ್ ವಾರನ್ ಅವರೊಂದಿಗೆ ನೊಬೆಲ್ ಪಡೆದರು. ಖಾರದಿಂದ ಎದೆಯುರಿ ಹೆಚ್ಚುವವರು ಉಂಟು, ಅವರು ಮಿತವಾಗಿ ತಿನ್ನಲಿ. ಆದರೆ ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ತುತ್ತು ಗಂಟಲಲ್ಲಿ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಮೆಣಸಿನಕಾಯಿಯನ್ನು ದೂರಬೇಡಿ, ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಮೆಟ್ಟಿಲು ಹತ್ತುವಾಗ ಎದೆ ಉರಿದು, ಬೆವರಿ, ಉಸಿರು ಕಟ್ಟಿದರೆ "ನಿನ್ನೆಯ ಮಿರ್ಚಿಬಜ್ಜಿ, ಗ್ಯಾಸು" ಎಂದು ಮಲಗಬೇಡಿ, 911ಕ್ಕೆ ಕರೆ ಮಾಡಿ. ಊರಿನಿಂದ ಬಂದ ಹಿರಿಯರ ಮಾತ್ರೆ ಡಬ್ಬಿಯನ್ನು ಈ ರಾತ್ರಿಯೇ ಒಮ್ಮೆ ತೆರೆದು ನೋಡಿ. ನಮಗೆ ತೊಂದರೆಯಾದೀತೆಂದು ಅವರು ತಾವಾಗಿ ಹೇಳುವುದಿಲ್ಲ.

ಖಾರದ್ದು ಸುಳ್ಳು ಗಂಟೆ, ಅದನ್ನು ಕೇಳಿ ನಗಬಹುದು. ಆದರೆ ಆ ಅಭ್ಯಾಸದಲ್ಲಿ ನಿಜವಾದ ಗಂಟೆಯ ಬ್ಯಾಟರಿಯನ್ನೂ ನಾವು ಕಿತ್ತುಬಿಡುತ್ತೇವೆ. ನಾನು ಕಿತ್ತಿದ್ದೆ. ದೇವರ ದಯೆ, ಅಪ್ಪ ಚೇತರಿಸಿಕೊಂಡರು. ಆಸ್ಪತ್ರೆಯಿಂದ ಬಂದ ದಿನ ತಟ್ಟೆ ಮುಂದೆ ಕೂತು ಅವರು ಕೇಳಿದ್ದು ಒಂದೇ: "ಇನ್ನಾದ್ರೂ ಸ್ವಲ್ಪ ಚಟ್ನಿಪುಡಿ ಹಾಕ್ತೀಯೇನಪ್ಪಾ?"

ಹಾಕಿದೆವು. ಮಗಳೂ ಅಜ್ಜನ ತಟ್ಟೆಯಿಂದ ಒಂದು ಚಿಟಿಕೆ ತೆಗೆದು ಬಾಯಿಗಿಟ್ಟಳು. ಉರಿಯಿತು, ಅಜ್ಜನ ಜೊತೆ ನಕ್ಕಳು.