ವಕೀಲರ ಶುಲ್ಕ, ಕಕ್ಷಿದಾರನ ಕಡತ

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಗೆದ್ದವನು ಸೋಲುವುದು ವ್ಯಾಜ್ಯದ ಖರ್ಚಿನಿಂದ. ಆ ಗಾದೆಯ ಮುಳ್ಳು ವಕೀಲರ ಕಡೆಗೇ ತಿರುಗಿರುತ್ತದೆ. ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಕಾನೂನಿಗಿಂತ ಶಬ್ದಗಳ ಪರಿಚಯ ಹೆಚ್ಚು. ‘ವಕೀಲ’ ಎಂಬುದು ಅರಬ್ಬಿ ಮೂಲದ ಮಾತು. ನಂಬಿ ತನ್ನ ಕಾರ್ಯವನ್ನು ಯಾರಿಗೆ ಒಪ್ಪಿಸುತ್ತೇವೆಯೋ ಅವನು ವಕೀಲ. ನಂಬಿಕೆಗೆ ಬೆಲೆ ಕಟ್ಟುವುದು ಹೇಗೆ? ಈ ತೊಡಕು ವೃತ್ತಿಯಷ್ಟೇ ಹಳೆಯದು.

ಪ್ರಾಚೀನ ರೋಮಿನಲ್ಲಿ ಕ್ರಿ. ಪೂ. 204ರ ಶಾಸನವೊಂದು, ವಾದಿಸಿದ್ದಕ್ಕಾಗಿ ಹಣವನ್ನಾಗಲಿ ಕಾಣಿಕೆಯನ್ನಾಗಲಿ ಪಡೆಯಬಾರದೆಂದು ವಿಧಿಸಿತು. ಅದು ನಡೆಯಲಿಲ್ಲ. ಕ್ಲಾಡಿಯಸ್ ಚಕ್ರವರ್ತಿ ಕ್ರಿ. ಶ. 47ರಲ್ಲಿ ಹತ್ತು ಸಾವಿರ ಸೆಸ್ಟರ್ಸ್ ನಾಣ್ಯಗಳ ಮಿತಿಯನ್ನಷ್ಟೇ ಇಟ್ಟನು. ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರರ ಶುಲ್ಕವನ್ನು ಬಹುಕಾಲ ಗೌರವಧನವೆಂದೇ ಎಣಿಸಿದ್ದರು. ಬಾಕಿ ಉಳಿದರೂ ಅವರು ದಾವೆ ಹೂಡುವಂತಿರಲಿಲ್ಲ. ನಮ್ಮಲ್ಲಿ 1926ರ ಕಾಯಿದೆ ವಕೀಲರ ಆ ಹಕ್ಕನ್ನು ಖಚಿತಪಡಿಸಿತು. ಅದು ಯೋಗ್ಯವೇ. ವಕೀಲರಿಗೂ ಸಂಸಾರವಿದೆ, ಪುಸ್ತಕಗಳ ಖರ್ಚಿದೆ, ಕಕ್ಷಿದಾರರು ಬಾರದ ದಿನಗಳಿವೆ.

ಆದರೆ ಈ ಹಕ್ಕಿಗೆ ಎಲ್ಲೆಗಳಿವೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ, ಮೊಕದ್ದಮೆಯ ಫಲವನ್ನು ಆಧರಿಸಿ ಶುಲ್ಕ ಗೊತ್ತುಮಾಡಬಾರದು. ಗೆದ್ದ ಆಸ್ತಿಯಲ್ಲಿ ಪಾಲು ಪಡೆಯಬಾರದು. ಪಾಲುಗಾರನಾದವನು ರಾಜಿಯ ಹಿತವಚನ ಹೇಳಲು ಹಿಂಜರಿದಾನು.

ಇನ್ನೊಂದು ಎಲ್ಲೆಯನ್ನು ಸರ್ವೋಚ್ಚ ನ್ಯಾಯಾಲಯ 2000ರಲ್ಲಿ ಸ್ಪಷ್ಟಪಡಿಸಿತು. ಶುಲ್ಕ ಬಾಕಿಯಿದೆಯೆಂದು ವಕೀಲರೊಬ್ಬರು ಕಕ್ಷಿದಾರರ ಕಡತಗಳನ್ನು ತಡೆಹಿಡಿದಿದ್ದರು. ಗಡಿಯಾರ ರಿಪೇರಿ ಮಾಡಿದವನು ಕೂಲಿ ಸಲ್ಲುವವರೆಗೆ ಗಡಿಯಾರವನ್ನು ಇಟ್ಟುಕೊಳ್ಳಬಹುದು. ಕಡತ ಹಾಗಲ್ಲ, ಅದು ಮಾರಾಟದ ಸರಕಲ್ಲ ಎಂದಿತು ನ್ಯಾಯಾಲಯ. ಬಾಕಿ ವಸೂಲಿಗೆ ವಕೀಲರಿಗೆ ಕಾನೂನಿನ ಬೇರೆ ದಾರಿಗಳಿವೆ. ಕಡತವಿಲ್ಲದ ಕಕ್ಷಿದಾರ ಇನ್ನೊಬ್ಬ ವಕೀಲರ ಬಳಿಗೆ ಬರಿಗೈಯಲ್ಲಿ ಹೋಗಬೇಕು. ಎರಡೆಕರೆ ಹೊಲವೇ ಆಧಾರವಾದ ರೈತನ ಪಾಲಿಗೆ, ಆ ಕಟ್ಟಿನೊಳಗಿನ ಕ್ರಯಪತ್ರವೆಂದರೆ ಮನೆಯ ಅನ್ನ.

ಶುಲ್ಕ ಕೊಡಲಾರದವರ ಪಾಡೇನು? 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯಾಗಿಸಿತು. ಅದಕ್ಕಾಗಿ 1987ರಲ್ಲಿ ಆದ ಕಾಯಿದೆ 1995ರಲ್ಲಿ ಜಾರಿಗೆ ಬಂದಿತು. ಅದರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ವರಮಾನ ಎಷ್ಟೇ ಇದ್ದರೂ ಈ ನೆರವಿಗೆ ಅರ್ಹರು. ಇತರ ಬಡವರಿಗೆ ವರಮಾನದ ಮಿತಿಯಿದೆ. ಅರ್ಜಿ ಕೊಡಬೇಕಾದದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ.

ಒಡವೆ ಅಡವಿಟ್ಟು ಕೋರ್ಟಿನ ಮೆಟ್ಟಿಲು ಹತ್ತುವ ಎಷ್ಟೋ ಜನಕ್ಕೆ ಈ ಸಂಗತಿ ತಿಳಿಯದು. ತಿಳಿದ ನಾವು ಅವರಿಗೆ ಹೇಳಬೇಕು. ಈ ಮಾತಿಗೆ ಯಾವ ಶುಲ್ಕವೂ ಇಲ್ಲ.